ಅರಿವು ಅಂಗಳಕ್ಕೆ ಬರಲಿ

1980ನೆಯ ಇಸವಿ ಫೆಬ್ರವರಿ 16ರಂದು ಕರ್ನಾಟಕದ ಆಕಾಶದಲ್ಲಿ ಒಂದು ಅಪೂರ್ವ ದೃಶ್ಯ ಕಾಣಿಸಿಕೊಂಡಿತು. ಅಂಕೋಲೆಯ ಕಡಲತೀರದಿಂದ ರಾಯಚೂರಿನ ಕಡೆಗೆ ಹಬ್ಬಿದ ಪಟ್ಟಿಯೊಂದರಲ್ಲಿ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಸೂರ್ಯನು ಪೂರ್ಣವಾಗಿ ಮರೆಯಾದನು. ಮೂರು ನಿಮಿಷವೂ ತುಂಬದ ಆ ಕತ್ತಲೆಗಾಗಿ ದೇಶವಿದೇಶಗಳ ವಿಜ್ಞಾನಿಗಳು ಉಪಕರಣಗಳನ್ನು ಹೊತ್ತು ಬಂದಿದ್ದರು. ಆ ಪಟ್ಟಿಯೊಳಗೇ ಇದ್ದ ಗದಗಿನಲ್ಲಿ ನಾನು ಆಗ ಬಿ.ಎ. ಓದುತ್ತಿದ್ದೆ. ಆದರೂ ನಾನು ಗ್ರಹಣವನ್ನು ನೋಡಲಿಲ್ಲ. ಬಾಗಿಲು ಕಿಟಕಿಗಳನ್ನು ಮುಚ್ಚಿ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆಯನ್ನಿಟ್ಟು ಕುಳಿತಿದ್ದ ಮನೆಯವರ ನಡುವೆ ನಾನೂ ಕುಳಿತಿದ್ದೆ.

ಗ್ರಹಣ ಹೇಗೆ ಆಗುತ್ತದೆಂಬುದು ನನಗೆ ತಿಳಿಯದೆ ಇರಲಿಲ್ಲ. ಪ್ರೌಢಶಾಲೆಯಲ್ಲಿ ಸೂರ್ಯ, ಚಂದ್ರ, ಭೂಮಿಗಳನ್ನು ಒಂದೇ ಗೆರೆಯಲ್ಲಿ ಬರೆದು ಅಂಕಗಳನ್ನು ಗಳಿಸಿದ್ದೆ. ಉತ್ತರಪತ್ರಿಕೆಯ ಮೇಲಿದ್ದ ಆ ಅರಿವು ನನ್ನನ್ನು ಹೊಸ್ತಿಲು ದಾಟಿಸಲಿಲ್ಲ. ಮತ್ತೆಂದೂ ನಮ್ಮೂರಿನ ಮೇಲೆ ಅಂಥ ಗ್ರಹಣವನ್ನು ನಾನು ಕಂಡಿಲ್ಲ. ತಿಳಿದಿರುವುದು ಬೇರೆ, ಮನವರಿಕೆಯಾಗುವುದು ಬೇರೆ ಎಂಬ ಪಾಠವನ್ನು ಅಂದು ಕಲಿತೆ.

ಗ್ರಹಣದ ಕಾರಣ ನಮ್ಮ ನಾಡಿಗೆ ಹೊಸ ಸಂಗತಿಯೂ ಅಲ್ಲ. ಕ್ರಿ.ಶ. 499ರ ಕಾಲದ ಆರ್ಯಭಟನು, ಚಂದ್ರನು ಸೂರ್ಯನನ್ನು ಮುಚ್ಚುವುದರಿಂದ ಸೂರ್ಯಗ್ರಹಣವೂ ಭೂಮಿಯ ನೆರಳು ಚಂದ್ರನನ್ನು ಮುಚ್ಚುವುದರಿಂದ ಚಂದ್ರಗ್ರಹಣವೂ ಆಗುತ್ತವೆಂದು ಸ್ಪಷ್ಟವಾಗಿ ಹೇಳಿದ್ದನು. ಆದರೆ ಆ ಮಾತು ಸಂಸ್ಕೃತದ ಸೂತ್ರರೂಪದಲ್ಲಿ ಪಂಡಿತರ ನಡುವೆಯೇ ಉಳಿಯಿತು. ಹೊಲದಲ್ಲಿ ದುಡಿಯುವವನಿಗೆ ದೊರಕಿದುದು ರಾಹುಕೇತುಗಳ ಕಥೆ. ಕಥೆಯು ಅವನ ಭಾಷೆಯಲ್ಲಿತ್ತು, ಸತ್ಯವು ಇರಲಿಲ್ಲ.

ಇದರ ಫಲವೇನು? 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟ ವಾರ್ತೆ ಪತ್ರಿಕೆಗಳಲ್ಲಿ ಬಂದಿತು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಮಕ್ಕಳ ಅಂಗಗಳಿಗೆ ಬಲ ಬರುವುದೆಂದು ಹಿರಿಯರು ನಂಬಿದ್ದರು. ಓದಿದವರು ಅನೇಕರು ಆ ತಂದೆತಾಯಿಗಳನ್ನು ಮೂಢರೆಂದು ಜರೆದರು. ನನಗೆ ಹಾಗೆ ಅನ್ನಿಸಲಿಲ್ಲ. ಮಕ್ಕಳು ನಡೆಯಲೆಂಬ ಹಂಬಲದಿಂದಲೇ ಅವರು ಆ ಕುಣಿಗಳನ್ನು ತೋಡಿದ್ದರು. ಅವರಲ್ಲಿ ವಾತ್ಸಲ್ಯದ ಕೊರತೆ ಇರಲಿಲ್ಲ. ಅವರು ನಂಬುವಂಥವರೊಬ್ಬರು ಮುಂಚಿತವಾಗಿ ಬಂದು, ಪಕ್ಕದಲ್ಲಿ ಕುಳಿತು, ವಿಷಯವನ್ನು ತಿಳಿಹೇಳಿರಲಿಲ್ಲ. ತಪ್ಪಿನ ದೊಡ್ಡ ಪಾಲು ತಿಳಿದೂ ಹೇಳದ ನಮ್ಮಂಥವರದು.

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನ ಸಾರಿದೆ. ಆದರೆ ಅರಿಯದ ಭಾಷೆಯಲ್ಲಿ ಯಾರೂ ಕರ್ತವ್ಯವನ್ನು ಪಾಲಿಸಲಾರರು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂದು ಈಗಲೂ ಕೆಲವರು ವಾದಿಸುವುದುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರೊಡಗೂಡಿ 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲವಾದರೂ ದಾರಿಯನ್ನು ತೋರಿಸಿತು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಸಂದಿತು. ಕೊರತೆ ಇರುವುದು ಕನ್ನಡದಲ್ಲಿ ಅಲ್ಲ, ಹೇಳುವವರ ಸಂಕಲ್ಪದಲ್ಲಿ.

ಹೇಳುವ ಬಗೆಯೂ ಮುಖ್ಯವಾದುದು. ಚಂದ್ರನಿಗಿಂತ ಸೂರ್ಯನ ವ್ಯಾಸ ಸುಮಾರು 400 ಪಟ್ಟು ದೊಡ್ಡದು. ನಮ್ಮಿಂದ ಅವನಿರುವ ದೂರವೂ ಸುಮಾರು 400 ಪಟ್ಟು ಹೆಚ್ಚು. ಆದುದರಿಂದ ಇಬ್ಬರೂ ಒಂದೇ ಗಾತ್ರದವರಂತೆ ಕಾಣುತ್ತಾರೆ. ಈ ಅಂಕಿಗಳು ನೆನಪಿನಲ್ಲಿ ನಿಲ್ಲದಿರಬಹುದು. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಒಂದು ರೂಪಾಯಿಯ ನಾಣ್ಯವನ್ನು ಹಿಡಿದು ದೂರದ ಗುಡಿಯ ಗೋಪುರವನ್ನು ಮರೆಮಾಡಿ ತೋರಿಸಿದರೆ ಯಾರೂ ಮರೆಯರು. ಹಾಗೆಂದು ಸರಳಗೊಳಿಸುವ ಭರದಲ್ಲಿ ಸುಳ್ಳು ಹೇಳಬಾರದು. ಗ್ರಹಣದಿಂದ ಯಾವ ಅಪಾಯವೂ ಇಲ್ಲವೆಂದುಬಿಟ್ಟರೆ ಅದು ಅರ್ಧಸತ್ಯ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಅಕ್ಷಿಪಟಲ ಸುಡುತ್ತದೆ. ಅಲ್ಲಿ ನೋವು ತಿಳಿಯದುದರಿಂದ ಸುಟ್ಟದ್ದೂ ಗೊತ್ತಾಗುವುದಿಲ್ಲ. ಹಿರಿಯರ ಭಯದಲ್ಲಿದ್ದ ಈ ನಿಜವನ್ನು ಒಪ್ಪಿಕೊಂಡು, ಉಳಿದ ಭಯಕ್ಕೆ ಆಧಾರವಿಲ್ಲವೆಂದು ತೋರಿಸಬೇಕು. ಗೇಲಿ ಮಾಡುವವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.

2019ರ ಆ ಬೆಳಗ್ಗೆ ನಾನು ನಮ್ಮ ಓಣಿಯ ಬೇವಿನ ಮರದ ಕೆಳಗೆ ನೆರೆಮನೆಯ ಮಕ್ಕಳೊಡನೆ ನಿಂತಿದ್ದೆ. ಎಲೆಗಳ ನಡುವಿನ ಸಣ್ಣ ಸಂದುಗಳ ಮೂಲಕ ಬಿದ್ದ ಬಿಸಿಲು ನೆಲದ ಮೇಲೆ ನೂರಾರು ಕುಡುಗೋಲುಗಳಂತೆ ಮೂಡಿತ್ತು. ಬಾಗಿಲ ಸಂದಿನಿಂದ ಇಣುಕಿದ ಅಜ್ಜಿಯೊಬ್ಬರು ತಡೆಯಲಾರದೆ ಹೊರಗೆ ಬಂದು, “ಮಾಸ್ತರ, ನೆಲದ ಮ್ಯಾಲ ಇಷ್ಟು ಚಂದ್ರಾಮ ಎಲ್ಲಿಂದ ಬಂದಾವ್ರಿ?” ಎಂದು ಕೇಳಿದರು. “ಅವು ಚಂದ್ರ ಅಲ್ಲ ಅಜ್ಜಿ, ಸೂರ್ಯನ ಬಿಂಬಗಳು. ಪ್ರತಿಯೊಂದು ಸಂದೂ ಒಂದೊಂದು ಬಿಂಬವನ್ನು ಮೂಡಿಸ್ತದೆ. ಸೂರ್ಯ ಈಗ ಎಷ್ಟು ಉಳಿದಾನೋ ಅಷ್ಟೇ ಕಾಣ್ತಾನೆ” ಎಂದೆ. ಅವರು ಬಹಳ ಹೊತ್ತು ನೋಡುತ್ತ ನಿಂತರು. ಗ್ರಹಣ ಬಿಟ್ಟ ಮೇಲೆ ಎಂದಿನಂತೆ ತಲೆಗೆ ನೀರು ಹಾಕಿಕೊಂಡರು. ಆದರೆ ಹಸಿದು ಅಳುತ್ತಿದ್ದ ಮೊಮ್ಮಗನಿಗೆ ಗ್ರಹಣ ಬಿಡುವ ಮುನ್ನವೇ ರೊಟ್ಟಿಯನ್ನು ಕೊಟ್ಟಿದ್ದರು. ಒಂದು ಬೆಳಗಿನ ಮಾತಿಗೆ ಇಷ್ಟು ಫಲ ಸಾಕೆಂದು ನಾನು ತಿಳಿದಿದ್ದೇನೆ.

ವಿದ್ಯಾರ್ಥಿಗಳೇ, ನೀವು ಶಾಲೆಯಲ್ಲಿ ಪ್ರತಿದಿನವೂ ವಿಜ್ಞಾನವನ್ನು ಕಲಿಯುತ್ತಿದ್ದೀರಿ. ಅದನ್ನು ಉತ್ತರಪತ್ರಿಕೆಯಲ್ಲಿ ಬಿಟ್ಟುಬರಬೇಡಿ. ಕಲಿತದ್ದರಲ್ಲಿ ಒಂದನ್ನಾದರೂ ಸಂಜೆ ಮನೆಯಲ್ಲಿ ಅಜ್ಜಿಗೋ ತಾಯಿಗೋ ಅವರ ಮಾತಿನಲ್ಲಿ ಹೇಳಿ ನೋಡಿ. ಅವರ ಪ್ರಶ್ನೆಗೆ ಉತ್ತರ ತೋಚದಿದ್ದರೆ ಮರುದಿನ ಉಪಾಧ್ಯಾಯರನ್ನು ಕೇಳಿ. ಆ ದಿನ ಮುಚ್ಚಿದ ಕೋಣೆಯಲ್ಲಿ ಕುಳಿತಿದ್ದ ಹುಡುಗನೊಬ್ಬನು ನಿಮ್ಮಲ್ಲಿ ಇಡುವ ಬೇಡಿಕೆ ಇಷ್ಟೇ.