ಬೋರ್ಡಿಗೆ ಅಂಟಿದ ಪರವಾನಗಿ

ಪಿಂಪ್ರಿ-ಚಿಂಚವಾಡದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿರುವ ನಮ್ಮ ಕಲಬುರಗಿ, ವಿಜಯಪುರದ ಕಡೆಯವರು ಬಿಲ್ಲಿಂಗಿಗೆಂದು ಹಳೆಯ ಬ್ರ್ಯಾಂಡೆಡ್ ಕಂಪ್ಯೂಟರ್ ಕೊಳ್ಳುವಾಗ ಮೊದಲು ವಿಚಾರಿಸಬೇಕಾದ್ದು ಮದರ್‌ಬೋರ್ಡ್ ಬಗ್ಗೆ; ಈಗ ವಿಂಡೋಸ್ ಪರವಾನಗಿ ಅಂಟಿರುವುದು ಅದಕ್ಕೇ. ವಿಂಡೋಸ್ 7ರವರೆಗೆ ಪರವಾನಗಿಯ 25 ಅಕ್ಷರಗಳ ಕೀ ಕಂಪ್ಯೂಟರ್ ಡಬ್ಬದ ಮೇಲಿನ ಚೀಟಿಯಲ್ಲಿರುತ್ತಿತ್ತು. ಗ್ರೀಸಿನ ಕೈ ತಾಗಿ ತಾಗಿ ಅಳಿಸಿಹೋಗುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಅದನ್ನು ಬೋರ್ಡಿನ ಫರ್ಮ್‌ವೇರ್‌ನಲ್ಲೇ ಬರೆದು ಕಳಿಸುತ್ತಾರೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಅದೇ ಆವೃತ್ತಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ ನೆಟ್‌ಗೆ ಜೋಡಿಸಿದರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಇದು ಗೊತ್ತಿಲ್ಲದವರೇ ‘ಒರಿಜಿನಲ್ ಹಾಕಿಕೊಡ್ತೀನಿ’ ಅನ್ನುವವನಿಗೆ ಇನ್ನೊಮ್ಮೆ ದುಡ್ಡು ಎಣಿಸುವುದು! ಬೋರ್ಡ್ ಸುಟ್ಟರೆ ಮಾತ್ರ ಮಾತು ಬೇರೆ: ವಾರಂಟಿಯಲ್ಲಿ ಕಂಪನಿಯೇ ಬದಲಿಸಿದರೆ ಪರವಾನಗಿ ಉಳಿಯುತ್ತದೆ, ಹೊರಗಿನ ಬೇರೆ ಬೋರ್ಡ್ ಕೂರಿಸಿದರೆ ಸಾಮಾನ್ಯವಾಗಿ ಹೊಸದನ್ನೇ ಕೊಳ್ಳಬೇಕು.