ಸೈಕಲ್ ಸವಾರನಿಗೂ ರಸ್ತೆಯಲ್ಲಿ ಪಾಲಿದೆ

ಮುಂಬಯಿ ಮಹಾನಗರದಲ್ಲಿ ನಸುಕಿಗೇ ರಸ್ತೆಗಿಳಿಯುವವರಲ್ಲಿ ಸೈಕಲ್ ಸವಾರರು ಮೊದಲಿಗರು. ಪಾವ್‌ವಾಲಾ, ಹಾಲಿನವ, ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ವಾಚ್‌ಮನ್, ಹೊತ್ತೇರಿದ ಮೇಲೆ ಡಬ್ಬಾವಾಲಾ. ಇವರಾರೂ ಮೈ ಕರಗಿಸಲು ಸೈಕಲ್ ತುಳಿಯುವವರಲ್ಲ, ಹೊಟ್ಟೆಪಾಡಿಗಾಗಿ ತುಳಿಯುವವರು. ಇವರಿಗೂ ಕಾರಿನವರಿಗೂ ರಸ್ತೆಯಲ್ಲಿ ದಿನನಿತ್ಯ ಜಟಾಪಟಿ ನಡೆಯುತ್ತಲೇ ಇರುತ್ತದೆ. ಸೈಕಲಿನವರು ಉಲ್ಟಾ ದಿಕ್ಕಿನಿಂದ ಬರುತ್ತಾರೆ, ಸಿಗ್ನಲ್ ಪಾಲಿಸುವುದಿಲ್ಲ, ರಾತ್ರಿ ಲೈಟ್ ಇರುವುದಿಲ್ಲ ಎಂಬುದು ಕಾರಿನವರ ದೂರು. ಕಾರಿನವರು ಮೈಮೇಲೆ ಬಂದಂತೆ ಓಡಿಸುತ್ತಾರೆ, ಹಾರ್ನ್ ಹೊಡೆದು ಗಟಾರಕ್ಕೆ ತಳ್ಳುತ್ತಾರೆ ಎಂಬುದು ಸೈಕಲಿನವರ ಅಳಲು.

ಎರಡು ದೂರುಗಳಲ್ಲೂ ಸತ್ಯವಿದೆ. ಆದರೆ ಎರಡರ ತೂಕ ಒಂದೇ ಅಲ್ಲ. ಸವಾರನೂ ಸೇರಿ ಸೈಕಲಿನ ತೂಕ ಹೆಚ್ಚೆಂದರೆ ನೂರು ಕಿಲೊ. ಸಣ್ಣ ಕಾರಿನದೂ ಎಂಟುನೂರರಿಂದ ಸಾವಿರ ಕಿಲೊ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸೈಕಲಿನವನ ತಪ್ಪಿನಿಂದ ಕಾರಿಗೆ ಗೀರು ಬೀಳಬಹುದು. ಕಾರಿನವನ ತಪ್ಪಿನಿಂದ ಸೈಕಲಿನವನ ಸಂಸಾರವೇ ಬೀದಿಗೆ ಬೀಳಬಹುದು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಇವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು.

ಇಂಟೆಲ್ ಸಂಸ್ಥೆಯ ಭಾರತ ವಿಭಾಗದ ಮಾಜಿ ಮುಖ್ಯಸ್ಥ, 68ರ ಹರೆಯದ ಅವತಾರ್ ಸೈನಿ ಅವರು 2024ರ ಫೆಬ್ರವರಿ 28ರಂದು ನವಿಮುಂಬಯಿಯಲ್ಲಿ ಬೆಳಗ್ಗೆ ಸೈಕಲ್‌ನಲ್ಲಿ ಹೋಗುತ್ತಿದ್ದಾಗ ಟ್ಯಾಕ್ಸಿ ಬಡಿದು ನಿಧನರಾದರು. ಆ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪಾವ್‌ವಾಲಾ ಸತ್ತರೆ ನಾಲ್ಕು ಸಾಲಿನ ಸುದ್ದಿಯಾಗುವುದೂ ಅಪರೂಪ. ಹೆಸರಿದ್ದವರಿಗೂ ಇಲ್ಲದವರಿಗೂ ರಸ್ತೆಯ ಅಪಾಯ ಮಾತ್ರ ಒಂದೇ.

"ನಾವು ರೋಡ್ ಟ್ಯಾಕ್ಸ್ ಕಟ್ಟುತ್ತೇವೆ, ಸೈಕಲಿನವರು ಏನು ಕಟ್ಟುತ್ತಾರೆ?" ಎಂಬ ಮಾತು ಕಾರಿರುವವರ ಬಾಯಲ್ಲಿ ಆಗಾಗ ಬರುತ್ತದೆ. ಈ ಲೆಕ್ಕವನ್ನು ಸರಿಯಾಗಿ ನೋಡಬೇಕು. ವಾಹನ ತೆರಿಗೆ ಸಂದಾಯವಾಗುವುದು ರಾಜ್ಯ ಸರಕಾರದ ಬೊಕ್ಕಸಕ್ಕೆ. ನಗರದೊಳಗಿನ ಹೆಚ್ಚಿನ ರಸ್ತೆಗಳ ಡಾಂಬರು, ಕಾಂಕ್ರೀಟಿನ ಖರ್ಚು ಬೀಳುವುದು ಮಹಾನಗರಪಾಲಿಕೆಯ ಬಜೆಟ್ಟಿನ ಮೇಲೆ. ಆ ಬಜೆಟ್ಟಿಗೆ ಊರಿನವರೆಲ್ಲರ ದುಡ್ಡೂ ಸೇರಿದೆ. ಹಾಗೆ ನೋಡಿದರೆ ಕಡಿಮೆ ಜಾಗ ಬಳಸಿ, ರಸ್ತೆಯನ್ನು ಕಡಿಮೆ ಸವೆಸುವವನು ಸೈಕಲಿನವನೇ. ಜಮಾ-ಖರ್ಚು ಬರೆದರೆ ಬಾಕಿ ಅವನ ಹೆಸರಿನಲ್ಲಿ ಉಳಿಯುವುದಿಲ್ಲ.

ಆದರೂ ಅವನ ಪಾಲು ದಿನೇ ದಿನೇ ಕಿರಿದಾಗುತ್ತಿದೆ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸಮುದ್ರ ಸೇತುವೆಯಲ್ಲೂ 2024ರಲ್ಲಿ ತೆರೆದ ಕೋಸ್ಟಲ್ ರೋಡಿನಲ್ಲೂ ಸೈಕಲಿಗೆ ಪ್ರವೇಶವಿಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ಸೈಕಲ್ ಪಥ ನಿರ್ಮಿಸಲಾಯಿತು. ಅಲ್ಲಿ ಸೈಕಲಿಗಿಂತ ಹೆಚ್ಚಾಗಿ ಕಂಡದ್ದು ನಿಲ್ಲಿಸಿದ ಕಾರು, ಮೋಟಾರ್ ಸೈಕಲ್‌ಗಳು. ಕೊನೆಗೆ 2025ರಲ್ಲಿ ವಾಹನಗಳಿಗೆ ರಸ್ತೆ ಅಗಲಗೊಳಿಸಲು ಆ ಪಥವನ್ನೇ ತೆಗೆಯುವ ತೀರ್ಮಾನವಾಯಿತು. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯಾಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು ಕಾಗದದಲ್ಲೇ ಉಳಿದಿದೆ.

ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ಸಂಹಿತೆಯನ್ನು ತಿದ್ದಿ, ಯಾರ ವಾಹನ ಹೆಚ್ಚು ಹಾನಿ ಮಾಡಬಲ್ಲದೋ ಅವರ ಮೇಲೆ ಹೆಚ್ಚು ಹೊಣೆ ಎಂಬ ಸೂತ್ರವನ್ನು ಸೇರಿಸಿತು. ಸೈಕಲನ್ನು ಹಿಂದೆ ಹಾಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದೂ ಸೂಚಿಸಿತು. ಮುಂಬಯಿಯ ಇಕ್ಕಟ್ಟಿನಲ್ಲಿ ಅಷ್ಟು ಜಾಗ ಎಲ್ಲೆಡೆ ಸಿಗಲಿಕ್ಕಿಲ್ಲ. ಜಾಗ ಸಿಗದಲ್ಲಿ ಅರ್ಧ ನಿಮಿಷ ಹಿಂದೆಯೇ ಉಳಿಯುವುದಕ್ಕೆ ಮಾತ್ರ ಯಾವ ಕಾಯಿದೆಯೂ ಬೇಕಾಗಿಲ್ಲ.

ತುಳು-ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಹೊಟೇಲುಗಳ ಅಡುಗೆಮನೆಗೆ ಹಾಲು, ಪಾವ್ ಬಂದದ್ದು ಸೈಕಲ್ ಮೇಲೆ. ಊರು ಬಿಟ್ಟು ಬಂದು ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿನಲ್ಲಿ ಸೈಕಲ್ ತುಳಿದವರು ಅನೇಕರು. ಅವರ ಮಕ್ಕಳು ಇಂದು ಸ್ಟೇರಿಂಗ್ ಹಿಡಿದಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅಪ್ಪ ತುಳಿದ ಸೈಕಲನ್ನು ಇಂದು ತುಳಿಯುತ್ತಿರುವ ಇನ್ನೊಬ್ಬರ ಅಪ್ಪನಿಗೆ ದಾರಿ ಬಿಡುವುದೂ ಆ ಏಳಿಗೆಯ ಭಾಗವಾಗಬೇಕು.

ಸಂಘ-ಸಂಸ್ಥೆಗಳು ಮನಸ್ಸು ಮಾಡಿದರೆ ಇಲ್ಲಿ ಮಾಡಬಹುದಾದ ಕೆಲಸಗಳಿವೆ. ವಾರ್ಷಿಕೋತ್ಸವದ ದಿನ ಸಭಾಗೃಹದ ಹೊರಗೆ ರಸ್ತೆಯ ಎಡಬದಿಯಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಸೈಕಲಿನವನು ಅನಿವಾರ್ಯವಾಗಿ ಬಸ್ಸುಗಳ ನಡುವೆ ನುಗ್ಗುತ್ತಾನೆ. ಆಮಂತ್ರಣ ಪತ್ರಿಕೆಯಲ್ಲೇ ಪಾರ್ಕಿಂಗ್ ಸ್ಥಳ ಸೂಚಿಸಿ, ಇಬ್ಬರು ಸ್ವಯಂಸೇವಕರನ್ನು ಹೊರಗೆ ನಿಲ್ಲಿಸಿದರೆ ಸಾಕು. ಕಾರಿನ ಎಡಬದಿಯ ಬಾಗಿಲನ್ನು ಬಲಗೈಯಿಂದ, ಬಲಬದಿಯದನ್ನು ಎಡಗೈಯಿಂದ ತೆರೆದರೆ ಮೈ ತಿರುಗಿ ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಈ ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ. ಹೊಟೇಲ್ ಮಾಲಕರು ತಮ್ಮಲ್ಲಿಗೆ ಬರುವ ಸೈಕಲ್‌ಗಳಿಗೆ ಹಿಂದೊಂದು ಮುಂದೊಂದು ರಿಫ್ಲೆಕ್ಟರ್ ಹಾಕಿಸಿಕೊಡಬಹುದು. ಉಲ್ಟಾ ದಿಕ್ಕಿನಲ್ಲಿ ಬರಬೇಡ ಎಂದು ಬುದ್ಧಿ ಹೇಳುವ ಅಧಿಕಾರ ಆಗ ತಾನಾಗಿ ಬರುತ್ತದೆ.

ಕಾನೂನಿನ ಮಾಹಿತಿಯೂ ಅಗತ್ಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಕ್ರಮ ಕೈಗೊಳ್ಳುವುದು ಡಿಕ್ಕಿ ಹೊಡೆದ ಚಾಲಕನ ಕರ್ತವ್ಯ. ನೆರವಿಗೆ ಬಂದ ದಾರಿಹೋಕನಿಗೆ 2019ರ ತಿದ್ದುಪಡಿ ರಕ್ಷಣೆ ನೀಡಿದೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ ಮೃತರ ಕುಟುಂಬಕ್ಕೆ 2 ಲಕ್ಷ ರೂ., ತೀವ್ರ ಗಾಯಗೊಂಡವರಿಗೆ 50 ಸಾವಿರ ರೂ. ಪರಿಹಾರವಿದೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಹಂತದ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿ ತುಂಬಲು ಬಾರದ ಬಡವನಿಗೆ ಸಂಘದ ಒಬ್ಬ ಪದಾಧಿಕಾರಿ ಒಂದು ಗಂಟೆ ಕೊಟ್ಟರೆ ಅದು ಶಾಲು-ಫಲಪುಷ್ಪದ ಯಾವ ಸನ್ಮಾನಕ್ಕೂ ಕಡಿಮೆಯಲ್ಲದ ಸೇವೆ.

ಸೈಕಲ್ ಪಥ ನಿರ್ಮಿಸುವುದು ಸರಕಾರದ ಕೈಯಲ್ಲಿದೆ. ಬ್ರೇಕ್ ಮಾತ್ರ ಕಾರು ಓಡಿಸುವವರ ಕಾಲಿನ ಕೆಳಗೇ ಇದೆ. ಅದನ್ನು ಸಕಾಲದಲ್ಲಿ ಒತ್ತುವ ತಾಳ್ಮೆಯನ್ನು ಸಮಾಜ ಬಾಂಧವರು ತಾವೂ ರೂಢಿಸಿಕೊಂಡು, ಹೊಸದಾಗಿ ಲೈಸನ್ಸ್ ಪಡೆದ ಮಕ್ಕಳಿಗೂ ಕಲಿಸಬೇಕಾಗಿದೆ.