ಹತ್ತು ಸೆಂಟಿಮೀಟರಿನ ಗೆರೆ

ವರ್ನಿಯರ್ ಕ್ಯಾಲಿಪರ್ಸನ್ನು ಕಾಗದದಲ್ಲೂ ಮಾಡಬಹುದು. ಮುಖ್ಯ ಮಾಪಕದ ಮೇಲೆ ಮಿಲಿಮೀಟರಿಗೊಂದು ಗೆರೆ. ಜಾರುಪಟ್ಟಿಯ ಮೇಲೆ 9 ಮಿ.ಮೀ. ಉದ್ದವನ್ನು ಹತ್ತು ಪಾಲು ಮಾಡಿದ ಗೆರೆಗಳು. ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡರೆ 0.1 ಮಿ.ಮೀ. ಲೆಕ್ಕ ಎಲ್ಲಿಂದ ಬಂತು ಅನ್ನೋದು ಹುಡುಗರಿಗೆ ಕೈಯಲ್ಲೇ ತಿಳಿಯುತ್ತದೆ. ಬೀರುವಿನಲ್ಲಿ ಉಕ್ಕಿನ ಕ್ಯಾಲಿಪರ್ಸ್ ಒಂದೋ ಎರಡೋ ಇರುವ ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದೊಂದು ಸಿಕ್ಕಂತಾಯಿತು.

ಎಡವಟ್ಟಾಗುವುದು ಝೆರಾಕ್ಸ್ ಅಂಗಡಿಯಲ್ಲಿ. ಅಂತರ್ಜಾಲದಲ್ಲಿ ಸಿಗುವ ಇಂಥ ಹಾಳೆಗಳಲ್ಲಿ ಎಷ್ಟೋ ಅಮೆರಿಕದ 'ಲೆಟರ್' ಅಳತೆಯವು, 216 ಮಿ.ಮೀ. ಅಗಲ. ನಮ್ಮ ಎ4 ಹಾಳೆ 210. ಅಂಗಡಿಯ ಹುಡುಗ ಅಂಚು ಕತ್ತರಿಸಿಹೋಗದಿರಲಿ ಎಂದು 'ಫಿಟ್ ಟು ಪೇಜ್' ಒತ್ತುತ್ತಾನೆ. ಇಡೀ ಚಿತ್ರ ಶೇ 97ಕ್ಕೆ ಕುಗ್ಗುತ್ತದೆ. 50 ಮಿ.ಮೀ. ಮರದ ತುಂಡು ಈಗ ಐವತ್ತೊಂದೂವರೆಯ ಹತ್ತಿರ ತೋರಿಸುತ್ತದೆ. ಎರಡೂ ಮಾಪಕ ಒಟ್ಟಿಗೇ ಕುಗ್ಗಿರುವುದರಿಂದ ಗೆರೆಗಳು ಎಂದಿನಂತೆ ಕೂಡುತ್ತವೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪರಿಹಾರ ಬಿಡಿಗಾಸಿನದು: ಪ್ರತಿ ಹಾಳೆಯ ತಳದಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಎಳೆದಿಡುವುದು. ಮೊದಲ ಪ್ರತಿ ಹೊರಬಂದ ಕೂಡಲೇ ಅದರ ಮೇಲೆ ಸ್ಕೇಲ್ ಇಟ್ಟು ನೋಡಿ, ಆಮೇಲೆ ಉಳಿದವನ್ನು ತೆಗೆಸಿದರಾಯಿತು.

ಲ್ಯಾಬ್ ಹಾಳೆಗಳನ್ನು ಹಂಚಿಕೊಳ್ಳಲು ಶಿಕ್ಷಕರಿಗೊಂದು ಸೈಟು ಬೇಕು ಎನ್ನುವವರು ಮಾತು ಶುರುಮಾಡುವುದು ಸರ್ವರ್, ಆ್ಯಪ್, ಲೋಗೊಗಳಿಂದ. ಶುರುವಾಗಬೇಕಾದದ್ದು ಈ ಗೆರೆಯಿಂದ. ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಬಸ್ ಸ್ಟ್ಯಾಂಡ್ ಪಕ್ಕದ ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಸರಿಯಾಗಿ ಬರದ ಹಾಳೆ, ಪರದೆಯ ಮೇಲೆ ಎಷ್ಟು ಬಣ್ಣಬಣ್ಣವಾಗಿದ್ದರೇನು? ಕೆಂಪು ತಂತಿ, ನೀಲಿ ತಂತಿ ಎಂದು ಬರೆದ ವಿದ್ಯುನ್ಮಂಡಲದ ಚಿತ್ರ ಅಲ್ಲಿ ಎರಡು ಬೂದು ತಂತಿಯಾಗುತ್ತದೆ.

ಹಂಚಿಕೆ ಈಗಲೂ ನಡೆದೇ ಇದೆ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಜೂನ್‌ನಲ್ಲಿ ಬಂದ ಒಳ್ಳೆಯ ಹಾಳೆ ಆಗಸ್ಟ್ ಹೊತ್ತಿಗೆ ಶುಭೋದಯದ ಹೂಗಳಡಿ ಹೂತುಹೋಗಿರುತ್ತದೆ. ಸೈಟಿನ ಕೆಲಸ ಹುಡುಕಿಕೊಡುವುದು, ಅಷ್ಟೆ: ತರಗತಿ, ಪಾಠ, ಹಾಳೆ ಎಷ್ಟು, ಫೈಲು ಎಷ್ಟು ಎಂಬಿ.

ಕರ್ನಾಟಕಕ್ಕೆ ಇಂಥ ಸೈಟು ಹೊಸದಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರ ಸುಮಾರಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನು ಕಟ್ಟಿದವು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ. ಮೇಷ್ಟ್ರುಗಳು ಬರೆಯಬಹುದು, ಇನ್ನೊಬ್ಬರು ತಿದ್ದಬಹುದು, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು. ಆಮೇಲೆ 2017ರಲ್ಲಿ ಕೇಂದ್ರ ಸರ್ಕಾರದ ದೀಕ್ಷಾ ಜಾಲತಾಣ ಬಂತು, ಪಠ್ಯಪುಸ್ತಕದ ಅಂಚಿಗೆ ಕ್ಯೂಆರ್ ಕೋಡ್ ಬಂತು, ಗಮನ ವಿಡಿಯೊ ಕಡೆ ತಿರುಗಿತು. ವಿಡಿಯೊದಲ್ಲಿ ಪ್ರಯೋಗ ಮಾಡುವವರು ಬೇರೆ ಯಾರೋ. ನಮ್ಮ ಮಕ್ಕಳು ನೋಡುವವರು. ನನಗಂತೂ ಮೊದಲಿನ ದಾರಿಯೇ ಹಿಡಿಸುತ್ತದೆ. ಅರವಿಂದ ಗುಪ್ತಾ ಅವರ ಸೈಟನ್ನೂ ಇಲ್ಲಿ ನೆನೆಯಬೇಕು: ಕಸದಿಂದ ಆಟಿಕೆ ಮಾಡುವುದನ್ನು ಕಲಿಸಿ 2018ರಲ್ಲಿ ಪದ್ಮಶ್ರೀ ಪಡೆದವರು ಪುಸ್ತಕಗಳನ್ನೆಲ್ಲ ಬಿಟ್ಟಿಯಾಗಿ ಇಟ್ಟರು. ಲಾಗಿನ್ ಇಲ್ಲ, ಒಟಿಪಿ ಇಲ್ಲ.

ತಿದ್ದುವ ಅವಕಾಶ ಏಕೆ ಮುಖ್ಯ ಎಂದರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕು ಹೆಸರಿಗಷ್ಟೇ ಒಂದು ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ನೀರನ್ನೇ ತೆಗೆದುಕೊಳ್ಳಿ. ಹತ್ತನೇ ತರಗತಿಯಲ್ಲಿ ಸಾಬೂನು ಮತ್ತು ಗಡಸು ನೀರಿನ ಪ್ರಯೋಗವಿದೆ: ಎರಡು ಪ್ರನಾಳ, ಸಮಸಮ ನೀರು, ಒಂದೆರಡು ಹನಿ ಸಾಬೂನಿನ ದ್ರಾವಣ, ಅಷ್ಟೇ ಹೊತ್ತು ಕುಲುಕು, ನೊರೆ ನೋಡು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇದ್ದರೆ ನೊರೆಯ ಬದಲು ಬಿಳಿ ಗಸಿ. ಹಾಳೆಯಲ್ಲಿ ಖಾಲಿ ಕಾಲಂ ಬಿಟ್ಟರೆ ಹೊನ್ನಾಳಿಯ ಮೇಡಂ ತುಂಗಭದ್ರೆಯ ನೀರು ತುಂಬಿಸುತ್ತಾರೆ, ಚನ್ನಗಿರಿಯವರು ಸೂಳೆಕೆರೆಯದ್ದು, ಜಗಳೂರಿನವರು ಕೊಳವೆಬಾವಿಯದ್ದು. ನೊರೆಯ ಎತ್ತರ ಬರೆದು ಸೈಟಿಗೆ ಹಾಕಿದರೆ ನ್ಯಾಮತಿಯ ಮಕ್ಕಳು ನಾಲ್ಕೂ ಕಡೆಯ ನೀರನ್ನು ಹೋಲಿಸಿ ನೋಡಬಹುದು. ಪಠ್ಯಪುಸ್ತಕ ಮುದ್ರಿಸುವವರಿಗೆ ಇದು ಸಾಧ್ಯವಿಲ್ಲ.

ಇದಕ್ಕೆ ಪಿಡಿಎಫ್ ಒಂದೇ ಸಾಲದು, ತಿದ್ದುವ ಮೂಲ ಫೈಲೂ ಜೊತೆಗಿರಬೇಕು, ಅದೂ ಯುನಿಕೋಡ್‌ನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡದ್ದನ್ನು ನೋಡದ ಮೇಷ್ಟ್ರುಂಟೆ? ಹಾಳೆಯ ಕೆಳಗೆ ಬಳಸಿದವರ ಮಾತಿಗೂ ಜಾಗವಿರಲಿ: 'ರಟ್ಟು ದಪ್ಪವಾದರೆ ಪಟ್ಟಿ ಜಾರುವುದಿಲ್ಲ, ಮದುವೆ ಪತ್ರಿಕೆಯ ಕಾಗದ ಸರಿ' ಎಂಬಂಥದ್ದು. ನಕ್ಷತ್ರ ಕೊಡುವುದು, ಪ್ರಮಾಣಪತ್ರ, 'ತಿಂಗಳ ಶಿಕ್ಷಕ', ಇವೆಲ್ಲ ಬೇಡ.

ಇನ್ನು ನಡೆಸುವವರು ಯಾರು? ಉತ್ಸಾಹಿ ಮೇಷ್ಟ್ರೊಬ್ಬರ ಕಿಸೆಯಿಂದ ನಡೆಯುವ ಸೈಟು ಅವರ ವರ್ಗಾವಣೆಯವರೆಗೆ ಮಾತ್ರ. ದಾವಣಗೆರೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದನ್ನು ವಹಿಸಿಕೊಂಡು, ಸೈಟಿನ ಹೆಸರನ್ನು ವರ್ಷವರ್ಷ ನವೀಕರಿಸುವ ಹಣ ಯಾವ ಬಾಬ್ತಿನಿಂದ ಎಂದು ಮೊದಲೇ ಬರೆದಿಡಲಿ. ಎಲ್ಲ ಫೈಲುಗಳ ಒಂದೊಂದು ಪೂರ್ತಿ ಪ್ರತಿ ನಾಲ್ಕೂ ತಾಲ್ಲೂಕುಗಳ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಂಪ್ಯೂಟರಿನಲ್ಲಿರಲಿ. ಅಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗೆ ಬಂದವರು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗುತ್ತಾರೆ.